ವೇಳಾಪಟ್ಟಿಯಲ್ಲಿ ಕರಗುವ ಮನೆಮಾತು

ಶಾಲಾ ಸುಧಾರಣೆಯ ಕರಡುಗಳನ್ನು ಓದುವುದು ಮತ್ತು ಅವು ಜಾರಿಗೆ ಬಂದ ತರಗತಿಗಳ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡುವುದು ಬಹುಕಾಲದಿಂದ ನನ್ನ ಕೆಲಸ. ದ್ವಿಭಾಷಾ ಶಿಕ್ಷಣವನ್ನು ನಿಲ್ಲಿಸುತ್ತೇವೆ ಎಂದು ನೇರವಾಗಿ ಬರೆದ ಕರಡು ಅಪರೂಪ. ಮಕ್ಕಳ ಮನೆಮಾತಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಬೇರೆ ಪುಟಗಳಿಂದ: ಪರೀಕ್ಷೆ ಹೇಗೆ ನಡೆಯಬೇಕು, ಯಾವ ಚಿಕ್ಕ ಶಾಲೆಯನ್ನು ಎಲ್ಲಿಗೆ ವಿಲೀನಗೊಳಿಸಬೇಕು, ಶಿಕ್ಷಕರ ನೇಮಕಕ್ಕೆ ಯಾವ ಅರ್ಹತೆ ಬೇಕು, ದಿನದ ಮೊದಲ ಗಂಟೆಗಳು ಯಾವ ವಿಷಯಕ್ಕೆ ಸೇರಬೇಕು ಎಂದು ನಿರ್ಧರಿಸುವ ಪುಟಗಳಿಂದ.

ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ನಡೆದದ್ದು ಇದೇ. ಅಲ್ಲಿ 1973ರಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ದ್ವಿಭಾಷಾ ಶಿಕ್ಷಣ ಆರಂಭವಾಯಿತು. ಮಕ್ಕಳು ಓದುಬರಹವನ್ನು ಮೊದಲು ತಮ್ಮ ಮಾತಿನಲ್ಲಿ ಕಲಿತು, ಕ್ರಮೇಣ ಇಂಗ್ಲಿಷಿಗೆ ದಾಟುತ್ತಿದ್ದರು. 2008ರಲ್ಲಿ ಇಡೀ ದೇಶಕ್ಕೆ ಏಕರೂಪದ ಪರೀಕ್ಷೆ ಬಂತು, ಅದೂ ಇಂಗ್ಲಿಷಿನಲ್ಲಿ. ದೂರದ ಊರುಗಳ ಮಕ್ಕಳು ಹಿಂದುಳಿದದ್ದನ್ನು ಕಂಡ ಅಲ್ಲಿನ ಸರ್ಕಾರ ಅದೇ ವರ್ಷ, ಪ್ರತಿದಿನ ಮೊದಲ ನಾಲ್ಕು ಗಂಟೆಗಳ ಬೋಧನೆ ಇಂಗ್ಲಿಷಿನಲ್ಲೇ ಇರಬೇಕೆಂದು ಘೋಷಿಸಿತು. ಮನೆಮಾತಿಗೆ ಉಳಿದದ್ದು ಮಕ್ಕಳು ದಣಿದಿರುವ ಮಧ್ಯಾಹ್ನದ ಹೊತ್ತು ಮಾತ್ರ.

ಆ ಕಾರ್ಯಕ್ರಮದ ಶಾಲೆಗಳಲ್ಲಿ ಪುಸ್ತಕ ತಯಾರಿಸುವ ಘಟಕಗಳೂ ಇದ್ದವು ಎಂಬುದನ್ನು ಇಲ್ಲಿ ಹೇಳಲೇಬೇಕು. ಹಿರಿಯರು ಹೇಳಿದ ಕಥೆಗಳನ್ನೂ ನೆಲದ ತಿಳಿವಳಿಕೆಯನ್ನೂ ಸ್ಥಳೀಯರೇ ಬರೆದು, ಚಿತ್ರ ಹಾಕಿ, ಮಕ್ಕಳ ಕೈಗೆ ಕೊಡುತ್ತಿದ್ದರು. ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿ ಅಂಥ ಸಾವಿರಾರು ಪುಸ್ತಕಗಳನ್ನು ಇಂದು ಓದಬಹುದು. ಅದು ಅಮೂಲ್ಯವಾದ ಕೆಲಸ. ಆದರೆ ಸಂಗ್ರಹಕ್ಕೆ ಹಳೆಯ ಪುಸ್ತಕವನ್ನು ಉಳಿಸಲು ಸಾಧ್ಯ. ಹೊಸ ಪುಸ್ತಕ ಹುಟ್ಟಬೇಕಾದರೆ, ಅಜ್ಜಿಯ ಮಾತು ತರಗತಿಯ ಪಾಠವಾಗುವ ಶಾಲೆಯೇ ಬೇಕು.

ನಾನು ನೋಡಿದ ಒಂದು ಮೂರನೇ ತರಗತಿಯಲ್ಲಿ ನೀರು ಆವಿಯಾಗುವ ಪಾಠ ನಡೆದಿತ್ತು. ಶಾಲೆಯ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ತಲೆ ತಗ್ಗಿಸಿದ್ದ ಹುಡುಗಿಯೊಬ್ಬಳು, ಒದ್ದೆ ಬಟ್ಟೆ ನೆರಳಿನಲ್ಲೂ ಒಣಗುತ್ತದೆ, ಗಾಳಿ ಬೀಸಿದರೆ ಇನ್ನೂ ಬೇಗ ಒಣಗುತ್ತದೆ ಎಂದು ಪಕ್ಕದವಳಿಗೆ ತನ್ನ ಮಾತಿನಲ್ಲಿ ಕೈಯಾಡಿಸಿ ವಿವರಿಸುತ್ತಿದ್ದಳು. ಆವಿಯಾಗಲು ಬಿಸಿಲೇ ಬೇಕೆಂದಿಲ್ಲ ಎಂಬ ಸೂಕ್ಷ್ಮ ಅವಳಿಗೆ ತಿಳಿದಿತ್ತು; ಉತ್ತರ ಪತ್ರಿಕೆಯಲ್ಲಿ ಆ ಜಾಗ ಖಾಲಿ ಇತ್ತು. ಎರಡನೆಯ ಭಾಷೆಯಲ್ಲಿ ಮಾತುಕತೆ ಸುಮಾರು ಎರಡು ವರ್ಷಗಳಲ್ಲಿ ಕೈಗೂಡಿದರೂ, ಪಾಠದ ಭಾಷೆ ಹಿಡಿತಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ದಶಕಗಳ ಹಿಂದೆಯೇ ತೋರಿಸಿದ್ದಾರೆ. ಎರಡನೇ ವರ್ಷದಲ್ಲೇ ಮಕ್ಕಳನ್ನು ಅಳೆಯುವ ಸುಧಾರಣೆ ಈ ಅಂತರವನ್ನು ಮಗುವಿನ ದಡ್ಡತನವೆಂದು ದಾಖಲಿಸುತ್ತದೆ. ಇದು ಅನ್ಯಾಯ.

ಸುಧಾರಣೆಯೆಂದರೆ ಹಾನಿಯೇ ಎಂದು ನಾನು ಹೇಳುತ್ತಿಲ್ಲ. 1988ರ ಶಿಕ್ಷಣ ಸುಧಾರಣಾ ಕಾಯ್ದೆ ವೇಲ್ಸ್‌ನಲ್ಲಿ ವೆಲ್ಶ್ ಭಾಷೆಗೆ ಪಠ್ಯಕ್ರಮದಲ್ಲೇ ಸ್ಥಾನ ಕೊಟ್ಟಿತು. ನ್ಯೂಜಿಲೆಂಡಿನಲ್ಲಿ 1982ರಲ್ಲಿ ಮಾವೋರಿ ಸಮುದಾಯ ತಾನೇ ಕಟ್ಟಿದ ಭಾಷಾ ಶಿಶುವಿಹಾರಗಳ ಬೆನ್ನಿಗೆ ಮಾವೋರಿ ಮಾಧ್ಯಮದ ಶಾಲೆಗಳು ಬಂದು, ಕಾನೂನಿನ ಮಾನ್ಯತೆಯನ್ನೂ ಪಡೆದವು.

ಆದ್ದರಿಂದ ಹೊಸ ಕರಡು ಕೈಗೆ ಬಂದಾಗ ನಾನು ಪ್ರಸ್ತಾವನೆಯನ್ನು ಬಿಟ್ಟು ಮೊದಲು ವೇಳಾಪಟ್ಟಿಯ ಪುಟಕ್ಕೆ ಹೋಗುತ್ತೇನೆ. ಮನೆಮಾತಿಗೆ ವಾರಕ್ಕೆರಡು ಭಾಷಾ ಪಿರಿಯಡ್ ಮಾತ್ರ ಇದೆಯೇ, ಅಥವಾ ಗಣಿತ, ವಿಜ್ಞಾನಗಳೂ ಆ ಮಾತಿನಲ್ಲಿ ನಡೆಯುತ್ತವೆಯೇ, ಅವುಗಳ ಉತ್ತರವನ್ನು ಮಗು ಅದೇ ಮಾತಿನಲ್ಲಿ ಬರೆಯಬಹುದೇ ಎಂದು ನೋಡುತ್ತೇನೆ.