ತಪ್ಪೊಪ್ಪಿಗೆಗಿಂತ ಮಹಜರು ದೊಡ್ಡದು

ಕೊಲೆ ಪ್ರಕರಣಗಳ ಸಾಕ್ಷ್ಯಚಿತ್ರಗಳನ್ನು ಈಗ ನಮ್ಮ ಮಂಡ್ಯದಲ್ಲೂ ಎಲ್ಲರೂ ಮೊಬೈಲಿನಲ್ಲೇ ನೋಡುತ್ತಾರೆ. ನಾನೂ ನೋಡುತ್ತೇನೆ. ಕ್ರಿಮಿನಲ್ ವಕೀಲನಾಗಿ ನನ್ನ ಕಣ್ಣು ಮಾತ್ರ ಬೇರೆ ಕಡೆ ಇರುತ್ತದೆ. ಆರೋಪಿ ಕ್ಯಾಮೆರಾ ಮುಂದೆ ಏನು ಹೇಳಿದ ಅನ್ನೋದಕ್ಕಿಂತ, ಯಾವ ವಸ್ತು ಎಲ್ಲಿ ಸಿಕ್ಕಿತು, ಆಗ ಪಕ್ಕದಲ್ಲಿ ಯಾರಿದ್ದರು ಎಂದು ಹುಡುಕುತ್ತೇನೆ. ಅದನ್ನೆಲ್ಲ ಪೊಲೀಸರು ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಬರೆದು ಸಹಿ ಹಾಕಿಸುವ ದಾಖಲೆಯೇ ಮಹಜರು; ಆ ಸಾಕ್ಷಿಗಳೇ ಪಂಚರು.

ಠಾಣೆಯಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಏಟಿಗೆ ಹೆದರಿದವನು ಏನು ಬೇಕಾದರೂ ಒಪ್ಪಿಕೊಳ್ಳುತ್ತಾನೆ, ಅಲ್ವಾ? ಆದರೆ ಒಂದು ಕಿಂಡಿ ಇದೆ. ಅವನ ಮಾತಿನಿಂದ ಏನಾದರೂ ಪತ್ತೆಯಾದರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಲೆಕ್ಕಕ್ಕೆ ಬರುತ್ತದೆ. "ಮಚ್ಚನ್ನು ಕಬ್ಬಿನ ಗದ್ದೆ ಬದುವಿನಲ್ಲಿ ಹೂತಿದ್ದೇನೆ" ಎಂಬುದು ಬರುತ್ತದೆ. "ಅದರಲ್ಲೇ ಕೊಂದೆ" ಎಂಬುದು ಬರುವುದಿಲ್ಲ.

ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣವನ್ನೇ ನೋಡಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರಲ್ಲಿ ಕಾಣೆಯಾದರು. 1994ರಲ್ಲಿ, ಗಂಡ ಶ್ರದ್ಧಾನಂದನೇ ತೋರಿಸಿದ ಜಾಗದಲ್ಲಿ, ಅವರದೇ ಮನೆಯ ಆವರಣದಲ್ಲಿ ಅಸ್ಥಿಪಂಜರ ಸಿಕ್ಕಿತು. ಡಿಎನ್‌ಎ ಪರೀಕ್ಷೆಯಾಯಿತು. ಆತ ಸಾಯುವವರೆಗೂ ಜೈಲಿನಲ್ಲೇ ಇರಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಆತ ಜೈಲಿನಿಂದಲೇ, ತಾನು ಕೊಂದಿಲ್ಲ ಎನ್ನುತ್ತಾನೆ. ನೋಡುವವರಿಗೆ ಒಂದು ಕ್ಷಣ ಅನುಮಾನ ಬರುತ್ತದೆ. ನನಗೆ ಬರಲಿಲ್ಲ. ಅಗೆದ ನೆಲ ನೆನಪಿತ್ತು.

ಎಲ್ಲ ಚಿತ್ರಗಳೂ ಹೀಗಲ್ಲ. ಅಮೆರಿಕದಲ್ಲಿ ಕೊಲೆ ಅಪರಾಧಿ ಎನಿಸಿಕೊಂಡು ಜೈಲಿನಲ್ಲಿದ್ದ ಒಬ್ಬನ ಕೇಸಿನ ಸಾಕ್ಷಿಗಳ ಮಾತನ್ನು 1988ರ ಒಂದು ಸಾಕ್ಷ್ಯಚಿತ್ರ ಒಂದೊಂದಾಗಿ ಒರೆಗೆ ಹಚ್ಚಿತು. ಮರುವರ್ಷ ಅವನು ಹೊರಬಂದ. ಇಂಥ ಕೆಲಸಕ್ಕೆ ಕೈ ಮುಗಿಯಬೇಕು.

ನಮ್ಮಲ್ಲಿ ಕೇಸು ಬೀಳುವುದು ಜಾಸ್ತಿ ಮಹಜರಿನಲ್ಲೇ. ಹಿಂದೊಮ್ಮೆ ಒಂದು ಕೊಲೆ ಕೇಸಿನಲ್ಲಿ, ಬಿಳಿ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದ್ದ ಮಚ್ಚನ್ನು ಬಿಚ್ಚಿ ಪಂಚ ಸಾಕ್ಷಿಗೆ ತೋರಿಸಿದರು. ವಯಸ್ಸಾದ ರೈತರು. ಹಿಡಿಗೆ ಕಟ್ಟಿದ್ದ ಚೀಟಿಯಲ್ಲಿ ಅವರದೇ ಸಹಿ ಇತ್ತು. ಆರೋಪಿ ಪರ ಪಾಟೀ ಸವಾಲು ಮಾಡಿದವನು ನಾನೇ. ಮಚ್ಚು ತೆಗೆದಾಗ ನೀವು ಎಲ್ಲಿ ನಿಂತಿದ್ದಿರಿ ಎಂದೆ. "ಠಾಣೇಲಿ ಸೈನ್ ಹಾಕುಸ್ಕೊಂಡ್ರು ಸ್ವಾಮಿ, ಗದ್ದೆ ತಾವ್ಕೆ ನಾನು ಹೋಗೇ ಇಲ್ಲ" ಎಂದರು. ಬೇರೆ ಗಟ್ಟಿ ಸಾಕ್ಷ್ಯ ಇರಲಿಲ್ಲ. ಆರೋಪಿ ಬಿಡುಗಡೆಯಾದ.

ಈಗ ತನಿಖೆ, ವಿಚಾರಣೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿ, ಪಂಚರ ಸಹಿ ಎಲ್ಲವನ್ನೂ ವಿಡಿಯೋ ಮಾಡಲೇಬೇಕು, ಮೊಬೈಲಿನಲ್ಲಾದರೂ ಸರಿ. ಕ್ಯಾಮೆರಾ ಇರಬೇಕಾದ ಜಾಗ ಅದೇ. ಆ ಕೇಸಿನ ಕಾಲಕ್ಕೆ ಈ ನಿಯಮ ಇರಲಿಲ್ಲ.

ತೀರ್ಪಿನ ದಿನ ಸತ್ತ ಹುಡುಗನ ತಾಯಿ ವರಾಂಡದಲ್ಲಿ ನನ್ನನ್ನು ತಡೆದರು. "ಒಪ್ಕೊಂಡವ್ನೆ ಅಂತ ಟೀವೀಲಿ ತೋರುಸ್ದ್ರಲ್ಲ ಸ್ವಾಮಿ, ಮತ್ಯಾಕ್ ಬುಟ್ರು?" ಅಲ್ಲೇ ಬೆಂಚಿನ ಮೇಲೆ ಕೂರಿಸಿ, ಮಹಜರು ಅಂದರೇನು ಎಂಬುದರಿಂದ ಹಿಡಿದು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.