ಕಣಜದ ತಳದಲ್ಲಿ ಪಾಷಾಣ

ಮೀನು ಸಿಗದಿದ್ದರೆ ಸೀಲ್ (ಕಡಲನಾಯಿ) ತಿನ್ನಲಿ, ಅದಕ್ಕೇನಂತೆ? ಓರ್ಕಾಗಳ (ಕಿಲ್ಲರ್ ವೇಲ್ ಅಂತೀವಲ್ಲ, ಅವೇ) ಕಷ್ಟದ ಮಾತು ಬಂದಾಗ ಇದನ್ನು ಕೇಳುವವರು ಇದ್ದೇ ಇರುತ್ತಾರೆ. ವಾಷಿಂಗ್ಟನ್ ರಾಜ್ಯ ಮತ್ತು ಕೆನಡಾದ ನಡುವಿನ ಸೇಲಿಶ್ ಸಮುದ್ರದಲ್ಲಿ ಸೀಲ್ ತಿನ್ನುವ ಓರ್ಕಾಗಳು ಇವೆ, ಅವುಗಳ ಸಂಖ್ಯೆ ಏರುತ್ತಲೂ ಇದೆ. ಆದರೆ ಅದೇ ನೀರಿನ 'ಸದರ್ನ್ ರೆಸಿಡೆಂಟ್' ಓರ್ಕಾಗಳಿಗೆ ಮೀನೇ ಊಟ, ಅದರಲ್ಲೂ ಚಿನೂಕ್ ಸಾಲ್ಮನ್. ಅಮ್ಮ, ಅಜ್ಜಿಯಿಂದ ಕಲಿತು ಬಂದ ಊಟ ಅದು. ಹಸಿವಾಯಿತು ಅಂತ ಬದಲಾಗುವುದಿಲ್ಲ.

ಈ ಸದರ್ನ್ ರೆಸಿಡೆಂಟ್‌ಗಳಲ್ಲಿ ಈಗ ಉಳಿದಿರುವುದು 75ರ ಆಸುಪಾಸು. 1960-70ರ ದಶಕಗಳಲ್ಲಿ ಅಕ್ವೇರಿಯಂಗಳಿಗೆಂದು ಮರಿಗಳನ್ನೇ ಆರಿಸಿ ಹಿಡಿದರು. 1970ರಲ್ಲಿ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್‌ನಲ್ಲಿ ಬಲೆಗೆ ಸಿಕ್ಕಿ ಸತ್ತ ಮರಿಗಳ ಹೊಟ್ಟೆಗೆ ಕಲ್ಲು ತುಂಬಿ ಮುಳುಗಿಸಿದ್ದರು, ಯಾರಿಗೂ ಗೊತ್ತಾಗಬಾರದು ಅಂತ. ಅಲ್ಲಿ ಹಿಡಿದ ಟೋಕಿಟೇ ಎಂಬ ಹೆಣ್ಣು ಓರ್ಕಾ 2023ರಲ್ಲಿ ಮಯಾಮಿಯ ತೊಟ್ಟಿಯಲ್ಲೇ ಸತ್ತಳು. ಮುಂದೆ ಹೆರಬೇಕಿದ್ದ ಒಂದು ತಲೆಮಾರೇ ಹೀಗೆ ಖಾಲಿಯಾಯಿತು.

ಮೀನು ಕಡಿಮೆ, ಹಡಗಿನ ಸದ್ದು, ವಿಷ: ಇವುಗಳಿಗೆ ಬಂದಿರುವ ಈ ಮೂರು ಕುತ್ತುಗಳನ್ನೂ ಬೇರೆ ಬೇರೆಯಾಗಿ ಎಣಿಸುವುದು ನನಗೆ ಸರಿಕಾಣುವುದಿಲ್ಲ. ಹಿಂದೆ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಳಸುತ್ತಿದ್ದ ಪಿಸಿಬಿ ಎಂಬ ರಾಸಾಯನಿಕದ ತಯಾರಿಕೆಯನ್ನು ಅಮೆರಿಕ 1979ರಲ್ಲಿ ನಿಷೇಧಿಸಿತು. ಆದರೆ ಅದು ಸುಲಭವಾಗಿ ಕೊಳೆಯುವುದಿಲ್ಲ. ಸಣ್ಣ ಮೀನಿಂದ ದೊಡ್ಡ ಮೀನಿಗೆ, ಅಲ್ಲಿಂದ ಓರ್ಕಾದ ಕೊಬ್ಬಿಗೆ ಸೇರಿ ಕೂರುತ್ತದೆ. ಕಣಜದ ತಳದಲ್ಲಿ ಯಾರೋ ಇಲಿಪಾಷಾಣ ಬೆರೆಸಿದ್ದಾರೆ ಅಂದುಕೊಳ್ಳಿ. ಮಳೆ ಬೆಳೆ ಚೆನ್ನಾಗಿದ್ದಷ್ಟು ದಿನ ಮೇಲಿನ ಅಕ್ಕಿಯಲ್ಲೇ ಅನ್ನ, ಯಾರಿಗೂ ಏನೂ ಆಗುವುದಿಲ್ಲ. ಬರ ಬಂದಾಗಲೇ ತಳ ಕೆರೆಯುವುದು! ಸಾಲ್ಮನ್ ಸಿಗದ ವರ್ಷ ಓರ್ಕಾ ತನ್ನ ಕೊಬ್ಬನ್ನೇ ಕರಗಿಸುತ್ತದೆ, ವಿಷ ರಕ್ತಕ್ಕಿಳಿಯುತ್ತದೆ. ಇದು ಅಪ್ಪ ಮಾಡಿದ ಸಾಲದ ಹಾಗೂ ಹೌದು: ತಾಯಿಯ ಹಾಲಿನ ಕೊಬ್ಬಿನ ಜೊತೆ ಪಿಸಿಬಿ ಮರಿಗೆ ಹೋಗುತ್ತದೆ, ಚೊಚ್ಚಲ ಮರಿಗೆ ಎಲ್ಲಕ್ಕಿಂತ ಜಾಸ್ತಿ. ಹಾಲೂಡದ ಗಂಡಿಗೆ ಆ ಸಾಲ ತೀರಿಸುವ ದಾರಿಯೇ ಇಲ್ಲ.

ಇನ್ನು ಸದ್ದು. ಓರ್ಕಾ ಕ್ಲಿಕ್ ಅಂತ ಶಬ್ದ ಬಿಟ್ಟು, ಮೀನಿಗೆ ತಾಗಿ ಮರಳುವ ಮಾರ್ದನಿ ಕೇಳಿ ಬೇಟೆಯಾಡುತ್ತದೆ. ಧ್ವನಿವರ್ಧಕದ ಪಕ್ಕ ನಿಂತು ಪಿಸುಮಾತು ಕೇಳಿ ನೋಡಿ, ಹಡಗಿನ ಪ್ರೊಪೆಲರ್ ಹತ್ತಿರ ಅದರ ಪಾಡೂ ಅಷ್ಟೇ. ಇದ್ದ ಮೀನೂ ಕೈತಪ್ಪುತ್ತದೆ, ಮತ್ತೆ ಕಣಜದ ತಳವೇ ಗತಿ.

ಹಾಗಾಗಿ ನನ್ನ ಕಣ್ಣು ನದಿಗಳ ಮೇಲೆ. ಸಾಲ್ಮನ್ ಮೊಟ್ಟೆಯಿಡಲು ಕಡಲಿಂದ ನದಿಗೆ ಏರಿ ಬರುತ್ತದೆ, ಅಣೆಕಟ್ಟು ಆ ದಾರಿಗೆ ಅಡ್ಡ. ಒರೆಗನ್‌ನಿಂದ ಕ್ಯಾಲಿಫೋರ್ನಿಯಾ ಮೂಲಕ ಕಡಲಿಗೆ ಹರಿಯುವ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು ಒಡೆಯುವ ಕೆಲಸ 2024ರಲ್ಲಿ ಮುಗಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಚಿನೂಕ್‌ಗಳು ಅಣೆಕಟ್ಟುಗಳಿದ್ದ ಜಾಗ ದಾಟಿ ಒರೆಗನ್‌ವರೆಗೆ ಈಜಿ ಬಂದವು.