ಗರಿ ಗಿಡ್ಡವಾದರೆ ಸುಳಿಯ ಬುಡ ನೋಡಿ

ಬಿಸಿಲಿಗೆ ಮುಸುಕಿನ ಜೋಳದ ಗರಿಯ ತುದಿ ಸುಟ್ಟಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಗರಿ ಗಿಡ್ಡವಾಗಲು ಕಾರಣ ಹುಡುಕಬೇಕಾದ್ದು ಮಾತ್ರ ಬುಡದಲ್ಲಿ. ಹುಲ್ಲಿನ ಜಾತಿಯಲ್ಲಿ ಎಲೆ ಉದ್ದವಾಗುವುದು ಹಳೆಯ ಎಲೆಗಳ ಕವಚದೊಳಗೆ ಅಡಗಿದ ಕೆಲವೇ ಸೆಂಟಿಮೀಟರ್ ಜಾಗದಲ್ಲಿ. ತುದಿಯನ್ನು ಅರೆದು ಕೋಶಭಿತ್ತಿಯ, ಅಂದರೆ ಕೋಶದ ಹೊರಗೋಡೆಯ, ಪ್ರೋಟೀನ್ ಅಳೆದರೆ ಸಿಗುವುದು ಬೆಳೆದು ಮುಗಿದ ಗೋಡೆಯ ಲೆಕ್ಕ.

ಬುಡದಲ್ಲಿ ನಡೆಯುವುದು ಹಗ್ಗಜಗ್ಗಾಟ. ಎಕ್ಸ್‌ಪ್ಯಾನ್ಸಿನ್ ಎಂಬ ಭಿತ್ತಿ ಪ್ರೋಟೀನ್ ಯಾವ ಎಳೆಯನ್ನೂ ಕತ್ತರಿಸದೆ, ಸೆಲ್ಯುಲೋಸ್ ನಾರಿಗೂ ಅದಕ್ಕೆ ಅಂಟಿದ ಕ್ಸೈಲಾನ್ ಎಂಬ ಸಕ್ಕರೆ ಸರಪಳಿಗೂ ನಡುವಿನ ಹಿಡಿತ ಸಡಿಲಿಸುತ್ತದೆ. ಅದು ಕೆಲಸ ಮಾಡಲು ಭಿತ್ತಿ ಹುಳಿಯಾಗಿರಬೇಕು, ಪಿಎಚ್ 5ರ ಆಸುಪಾಸು. ಆಗ ಒಳಗಿನ ನೀರಿನ ಒತ್ತಡ ಕೋಶವನ್ನು ಹಿಗ್ಗಿಸುತ್ತದೆ. ಪೆರಾಕ್ಸಿಡೇಸ್ ಎಂಬ ಕಿಣ್ವ ಇನ್ನೊಂದು ಕಡೆಯಿಂದ ಎಳೆಯುತ್ತದೆ: ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಕ್ಸೈಲಾನ್ ಮೇಲಿನ ಫೆರುಲಿಕ್ ಆಮ್ಲಗಳನ್ನು ಒಂದಕ್ಕೊಂದು ಬೆಸೆದು ಭಿತ್ತಿಗೆ ಬೀಗ ಹಾಕುತ್ತದೆ. ಬಿಸಿ ಹೆಚ್ಚಿದಾಗ ಪೆರಾಕ್ಸೈಡ್ ಕೂಡ ಏರುತ್ತದೆ. ಬೀಗ ಬಿದ್ದ ಕೋಶ ಮುಂದೆ ತಂಪಾದರೂ ಉದ್ದವಾಗುವುದಿಲ್ಲ. ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೆಲದ ಹುಲ್ಲು ಅಗ್ರೋಸ್ಟಿಸ್ ಸ್ಕಾಬ್ರಾದಲ್ಲಿ ಶಾಖ ತಾಳುವ ಗುಣಕ್ಕೂ ಒಂದು ಎಕ್ಸ್‌ಪ್ಯಾನ್ಸಿನ್ ಜೀನಿಗೂ ನಂಟಿದೆ ಎಂದು 2007ರಲ್ಲಿ ವರದಿಯಾಯಿತು.

ಬಿಸಿಗೆ ಈ ಭಿತ್ತಿ ಪ್ರೋಟೀನ್‌ಗಳು ಹೇಗೆ ಬದಲಾಗುತ್ತವೆ ಎಂದು ನೋಡುವ ಪ್ರಯೋಗ ಕೆಡುವುದು ಹೆಚ್ಚಾಗಿ ಬಿಸಿ ಕೊಡುವ ಹಂತದಲ್ಲೇ. ಸುಮಾರು ಆರು ಎಲೆ ಬರುವವರೆಗೆ ಮುಸುಕಿನ ಜೋಳದ ಬೆಳೆಯುವ ತುದಿ ಮಣ್ಣಿನೊಳಗೇ ಇರುತ್ತದೆ. ಕೋಣೆಯ ಗಾಳಿ 40 ಡಿಗ್ರಿ ತಲುಪಿದರೂ ಕುಂಡದ ಮಣ್ಣು ಗಂಟೆಗಟ್ಟಲೆ ತಣ್ಣಗಿರಬಹುದು. ಆದ್ದರಿಂದ ಬಿಸಿ ಅಳೆಯುವ ತಂತಿ, ಥರ್ಮೋಕಪಲ್, ಸುಳಿಯ ಬುಡದಲ್ಲಿರಲಿ. ತೇವಾಂಶವನ್ನೂ ಮರೆಯಬೇಡಿ. 25 ಡಿಗ್ರಿ, ಶೇ 60 ತೇವಾಂಶದಲ್ಲಿ ಗಾಳಿಯ ಆವಿ ಕೊರತೆ (ಗಾಳಿ ಇನ್ನೂ ಎಷ್ಟು ನೀರಾವಿ ಹೀರಬಲ್ಲದು ಎಂಬ ಅಳತೆ) 1.27 ಕಿಲೋಪಾಸ್ಕಲ್, ಅದೇ ಶೇ 60 ಇಟ್ಟು 40 ಡಿಗ್ರಿಗೆ ಏರಿಸಿದರೆ 2.95. ಹೀಗಾದರೆ ಅಳೆಯುತ್ತಿರುವುದು ಬಿಸಿಯನ್ನೋ ಬರವನ್ನೋ ಹೇಳಲಾಗದು. ಕೊರತೆ ಸಮ ಇರಬೇಕಾದರೆ ತೇವಾಂಶ ಶೇ 83 ಬೇಕು.

ಇನ್ನು ಭಿತ್ತಿಯ ಪ್ರೋಟೀನ್ ಹೊರತೆಗೆಯುವ ಕೆಲಸ. ಬಲಿತ ಗರಿಗೆ ನಿರ್ವಾತದಲ್ಲಿ ದ್ರವ ತುಂಬಿಸಿ, ಸೆಂಟ್ರಿಫ್ಯೂಜ್‌ನಲ್ಲಿ ನಿಧಾನ ತಿರುಗಿಸಿ ತೆಗೆಯುವ ವಿಧಾನ ಸಾಕು. ಎಳೆಯ ಬುಡದಲ್ಲಿ ಗಾಳಿಯ ಜಾಗ ಕಡಿಮೆ, ದ್ರವ ಒಳಹೋಗುವುದಿಲ್ಲ. ಅಲ್ಲಿ ಅರೆಯಲೇಬೇಕು: 5 ಮಿಲಿಮೋಲಾರ್ ಅಸಿಟೇಟ್ ಬಫರ್, ಪಿಎಚ್ 4.6, ಜೊತೆಗೆ 0.4 ಮೋಲಾರ್ ಸುಕ್ರೋಸ್, ಎಲ್ಲವೂ 4 ಡಿಗ್ರಿಯಲ್ಲಿ. ಆಮೇಲೆ 0.6 ಮತ್ತು 1 ಮೋಲಾರ್ ಸುಕ್ರೋಸ್‌ನಲ್ಲಿ ಸೆಂಟ್ರಿಫ್ಯೂಜ್ ಮಾಡಿ, ನೈಲಾನ್ ಜಾಲರಿಯ ಮೇಲೆ ಲೀಟರುಗಟ್ಟಲೆ ಬಫರ್ ಸುರಿದು ತೊಳೆಯಿರಿ. ತೊಳೆಯುವುದರಲ್ಲಿ ಜಿಪುಣತನ ಬೇಡ. ಶಾಖಕ್ಕೆ ಗಂಟುಕಟ್ಟಿದ ಕೋಶರಸದ ಪ್ರೋಟೀನ್‌ಗಳೂ ಭಿತ್ತಿಯ ಜೊತೆ ತಳಕ್ಕಿಳಿಯುತ್ತವೆ. ಕೊನೆಗೆ 0.2 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, ನಂತರ 2 ಮೋಲಾರ್ ಲಿಥಿಯಂ ಕ್ಲೋರೈಡ್‌ನಿಂದ ಪ್ರೋಟೀನ್ ಬಿಡಿಸಿ.

ಪ್ರೋಟೀನ್‌ಗಳನ್ನು ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ, ಹಸಿರೆಲೆಯೊಳಗೆ ಹೇರಳವಾಗಿರುವ ರುಬಿಸ್ಕೋ ಪ್ರೋಟೀನಿನ ಗೆರೆ ಕಾಣಲಿಲ್ಲವೆಂದು ಮಾದರಿ ಶುದ್ಧ ಅನ್ನಬೇಡಿ. ಬಿಳಿಚಿದ ಬುಡದಲ್ಲಿ ರುಬಿಸ್ಕೋ ಮೊದಲೇ ಕಡಿಮೆ. ಸಿಕ್ಕ ಪ್ರೋಟೀನ್‌ಗಳ ಪಟ್ಟಿಯಲ್ಲಿ, ಬಿಸಿಗೆ ಕೋಶದೊಳಗೆ ಹುಟ್ಟುವ ಸಣ್ಣ ಹೀಟ್ ಶಾಕ್ ಪ್ರೋಟೀನ್‌ಗಳು ತುಂಬಿದ್ದರೆ ತೊಳೆತ ಸಾಲದೆಂದೇ ಮೊದಲು ಅನುಮಾನಿಸಿ. ಇನ್ನು ಬಿಸಿಯ ನಂತರ ಎಕ್ಸ್‌ಟೆನ್ಸಿನ್‌ನಂಥ ರಚನಾ ಪ್ರೋಟೀನ್ ಕಡಿಮೆಯಾದಂತೆ ಕಂಡರೆ ಅದು ನಾಶವಾಗಿರಲೇಬೇಕೆಂದಿಲ್ಲ. ಪೆರಾಕ್ಸಿಡೇಸ್ ಅದನ್ನು ಭಿತ್ತಿಗೇ ಬೆಸೆದಿದ್ದರೆ ಯಾವ ಉಪ್ಪಿನ ದ್ರಾವಣಕ್ಕೂ ಬಿಟ್ಟುಬರುವುದಿಲ್ಲ. ಉಳಿದ ಗಸಿಯಲ್ಲಿ, ಎಕ್ಸ್‌ಟೆನ್ಸಿನ್‌ನಲ್ಲಿ ಹೇರಳವಾಗಿರುವ ಅಮೈನೋ ಆಮ್ಲವಾದ ಹೈಡ್ರಾಕ್ಸಿಪ್ರೋಲಿನ್ ಅಳೆದು ನೋಡಬೇಕು.